ಕೂದಲಿಗೆ ಪಿಆರ್‌ಪಿ: ‘ನಿಮ್ಮದೇ ರಕ್ತ, ಭಯ ಏಕೆ’ ಎನ್ನುತ್ತಾರೆ. ಮಾಡಿಸಿಕೊಂಡವರು ಹೇಳಿ

ತುಂಗಾತೀರ, ಶಿವಮೊಗ್ಗ

ಎಲ್ಲರಿಗೂ ನಮಸ್ಕಾರ. ನನಗೆ 34 ವರ್ಷ, ಪ್ರೌಢಶಾಲೆಯಲ್ಲಿ ಶಿಕ್ಷಕಿ. ಎರಡು ತಿಂಗಳಿಂದ ಕೂದಲು ವಿಪರೀತ ಉದುರುತ್ತಿದೆ. ತಲೆಗೆ ನೀರು ಹಾಕಿಕೊಂಡ ದಿನ ಬಚ್ಚಲಿನ ಜಾಲರಿಯಲ್ಲಿ ನಿಂಬೆಹಣ್ಣಿನ ಗಾತ್ರದ ಉಂಡೆ ಸಿಗುತ್ತದೆ. ದೀಪಾವಳಿಯ ದಿನ ಹೂ ಮುಡಿಸಲು ಬಂದ ಅತ್ತೆ ‘ಜಡೆಯಲ್ಲಿ ಪಿನ್ನೇ ನಿಲ್ಲುತ್ತಿಲ್ಲವಲ್ಲ’ ಎಂದು ಸುಮ್ಮನಾದರು. ಬೇರೇನೂ ಹೇಳಲಿಲ್ಲ. ನಾನು ಒಳಗೆ ಹೋಗಿ ಅತ್ತುಬಿಟ್ಟೆ.

ಕಳೆದ ಶನಿವಾರ ಒಂದು ಕೂದಲಿನ ಕ್ಲಿನಿಕ್‌ಗೆ ಹೋಗಿದ್ದೆ. ಅಲ್ಲಿದ್ದ ಒಂದು ಗಂಟೆಯಲ್ಲಿ ವೈದ್ಯರ ಮುಖ ಕಾಣಲಿಲ್ಲ. ಸಲಹೆಗಾರ್ತಿ ಎಂದು ಪರಿಚಯಿಸಿಕೊಂಡ ಹುಡುಗಿ ಪೆನ್ನಿನಷ್ಟು ದಪ್ಪದ ಕ್ಯಾಮೆರಾವನ್ನು ನೆತ್ತಿಗೆ ಒತ್ತಿ, ಪರದೆಯ ಮೇಲೆ ನನ್ನ ತಲೆಯ ಚರ್ಮ ತೋರಿಸಿ, ‘ಬೇರುಗಳು ಸಾಯುತ್ತಿವೆ, ಆರು ಸಿಟ್ಟಿಂಗ್ ಪಿಆರ್‌ಪಿ ಬೇಕು’ ಎಂದಳು. ನಮ್ಮ ರಕ್ತ ತೆಗೆದು, ರಕ್ತ ಹೆಪ್ಪುಗಟ್ಟಿಸುವ ಪ್ಲೇಟ್‌ಲೆಟ್ ಕಣಗಳು ಹೆಚ್ಚಿರುವ ಭಾಗವನ್ನು ಬೇರ್ಪಡಿಸಿ ತಲೆಗೆ ಚುಚ್ಚುವುದಂತೆ ಅದು. 42,000 ರೂಪಾಯಿ. ಅಂದೇ ಮುಂಗಡ ಕಟ್ಟಿದರೆ ರಿಯಾಯಿತಿಯಂತೆ. ಅಡ್ಡಪರಿಣಾಮ ಏನು ಎಂದು ಕೇಳಿದ್ದಕ್ಕೆ ‘ನಿಮ್ಮದೇ ರಕ್ತ ಮೇಡಂ, ನಿಮಗೇ ಕೊಡುವುದು, ಭಯ ಏಕೆ?’ ಎಂಬ ಉತ್ತರ.

ರಕ್ತ ನನ್ನದೇ ಸರಿ, ಸೂಜಿ ನನ್ನದಲ್ಲವಲ್ಲ ಎಂಬ ಯೋಚನೆ ಬಸ್ಸಿನಲ್ಲಿ ಮನೆ ತಲುಪುವವರೆಗೂ ಬಿಡಲಿಲ್ಲ. ಹಣ ಇನ್ನೂ ಕಟ್ಟಿಲ್ಲ. ಮಾಡಿಸಿಕೊಂಡವರು, ಗೊತ್ತಿರುವವರು ದಯವಿಟ್ಟು ಇದ್ದದ್ದನ್ನು ಇದ್ದಂತೆ ಬರೆಯಿರಿ.

ಹೆಲ್ಮೆಟ್ ಸವಾರ, ಬೆಂಗಳೂರು

ಅಕ್ಕಾ, ನಾನು ನಾಲ್ಕು ಸಲ ಮಾಡಿಸಿಕೊಂಡಿದ್ದೇನೆ. ನಮ್ಮಪ್ಪ, ಚಿಕ್ಕಪ್ಪ ಇಬ್ಬರದ್ದೂ ಬೋಳುತಲೆ. ನನಗೆ 27ಕ್ಕೇ ಹಣೆಯ ಎರಡೂ ಮೂಲೆ ಹಿಂದೆ ಸರಿದವು. ನನ್ನನ್ನು ನೋಡಿದ ಚರ್ಮವೈದ್ಯರು ಮೊದಲ ದಿನವೇ ಪಿಆರ್‌ಪಿ ಎನ್ನಲಿಲ್ಲ. ಒಂಬತ್ತು ತಿಂಗಳು ಮಿನಾಕ್ಸಿಡಿಲ್ ಎಂಬ ಕೂದಲಿನ ಔಷಧಿ ಹಚ್ಚಿಸಿ, ಮಾತ್ರೆ ಕೊಟ್ಟು ನೋಡಿ, ಆಮೇಲೆ ‘ಬೇಕಿದ್ದರೆ ಜೊತೆಗೆ ಇದನ್ನೂ ಮಾಡೋಣ’ ಎಂದರು.

ನಡೆದದ್ದು ಇಷ್ಟು. ತೋಳಿನಿಂದ ಸುಮಾರು 20 ಮಿಲಿ ರಕ್ತ ತೆಗೆದರು. ಕೊಳವೆಯ ಮೇಲೆ ನನ್ನ ಹೆಸರನ್ನು ನನ್ನ ಕಣ್ಣೆದುರೇ ಬರೆದು, ‘ಸರಿಯಾಗಿದೆಯೇ ಓದಿ’ ಎಂದು ತೋರಿಸಿದರು. ಯಂತ್ರದಲ್ಲಿ ತಿರುಗಿಸಿ ತಂದಾಗ ಕೆಳಗೆ ಕೆಂಪು ನಿಂತಿತ್ತು, ಮೇಲೆ ತಿಳಿಹಳದಿ. ಆ ಹಳದಿಯನ್ನೇ ಇನ್ನೊಮ್ಮೆ ತಿರುಗಿಸಿ, ತಳದ ಸ್ವಲ್ಪ ಭಾಗವನ್ನು ಇನ್ಸುಲಿನ್ ಸಿರಿಂಜ್‌ಗೆ ತುಂಬಿಕೊಂಡರು. ಆಮೇಲೆ ಒಂದೊಂದು ಸೆಂಟಿಮೀಟರಿಗೆ ಒಂದು ಚುಚ್ಚು. ಐವತ್ತರವರೆಗೆ ಎಣಿಸಿ ಬಿಟ್ಟೆ. ನೆತ್ತಿಯಲ್ಲಿ ತಡೆದುಕೊಳ್ಳಬಹುದು, ಹಣೆಯ ಅಂಚಿನಲ್ಲಿ ಕಣ್ಣಲ್ಲಿ ನೀರು ಬರುತ್ತದೆ. ಮರುದಿನ ಹಣೆ ಊದಿಕೊಂಡಿತು, ತಲೆ ಭಾರವಾಗಿತ್ತು. ಎರಡು ದಿನದಲ್ಲಿ ಇಳಿಯಿತು.

ಇನ್ನೊಂದು ಮಾತು. ನಾನು ಬೈಕಿನಲ್ಲಿ ಹೋಗಿದ್ದೆ. ನನ್ನ ಕೈಯಲ್ಲಿದ್ದ ಹೆಲ್ಮೆಟ್ಟಿನ ಒಳಪದರವನ್ನು ವೈದ್ಯರು ಬೆರಳಿನಿಂದ ಮುಟ್ಟಿ ನೋಡಿ, ‘ಇದನ್ನು ತೊಳೆದು ಎಷ್ಟು ದಿನವಾಯಿತು? ಇವತ್ತು ಬೈಕ್ ಇಲ್ಲೇ ಬಿಟ್ಟು ಆಟೋದಲ್ಲಿ ಹೋಗಿ’ ಎಂದರು. ತಲೆಯ ತುಂಬ ಹಸಿ ರಂಧ್ರಗಳಿರುವಾಗ ಬೆವರು ಹಿಡಿದ ಸ್ಪಂಜನ್ನು ಒತ್ತಿಕೊಳ್ಳಬಾರದು ಎಂಬುದು ನನಗೆ ಹೊಳೆದೇ ಇರಲಿಲ್ಲ.

ಫಲ: ಐದನೇ ತಿಂಗಳಿಗೆ ನೆತ್ತಿಯ ಕೂದಲು ಸ್ವಲ್ಪ ದಪ್ಪವಾಯಿತು. ಹಣೆಯ ಮೂಲೆಗಳಲ್ಲಿ ಒಂದು ಎಳೆಯೂ ಹೊಸದಾಗಿ ಬಂದಿಲ್ಲ.

ಸೂಕ್ಷ್ಮದರ್ಶಕ, ದಾವಣಗೆರೆ

ನಾನು 16 ವರ್ಷಗಳಿಂದ ಪ್ರಯೋಗಾಲಯದಲ್ಲಿ ರಕ್ತದ ಜೊತೆಯೇ ಬದುಕುತ್ತಿರುವವನು. ‘ನಿಮ್ಮದೇ ರಕ್ತ’ ಎಂಬ ಮಾತಿನಲ್ಲಿ ಅರ್ಧ ಸತ್ಯವಿದೆ. ನಮ್ಮದೇ ರಕ್ತವಾದ್ದರಿಂದ ಅಲರ್ಜಿಯಾಗಲಿ, ದೇಹ ತಿರಸ್ಕರಿಸುವುದಾಗಲಿ ತೀರಾ ಅಪರೂಪ. ಆದರೆ ಹಾಲು ನಮ್ಮ ಮನೆಯ ಹಸುವಿನದೇ ಆದರೂ ಪಾತ್ರೆ ತೊಳೆಯದಿದ್ದರೆ ಒಡೆಯುತ್ತದೆ. ರಕ್ತ ತೋಳಿನಿಂದ ಹೊರಬಂದು ತಲೆಗೆ ಮರಳುವವರೆಗಿನ ಆ ಮುಕ್ಕಾಲು ಗಂಟೆಯಲ್ಲಿ ಏನೇನು ಆಗುತ್ತದೆ ಎಂಬುದೇ ಎಲ್ಲ.

ಮೊದಲು ಕೊಳವೆ. ರಕ್ತಪರೀಕ್ಷೆಗೆಂದು ತಯಾರಾಗುವ ಕೊಳವೆಯಲ್ಲಿರುವುದು ಪರೀಕ್ಷಾ ಯಂತ್ರಕ್ಕೆ ಹೋಗಲಿಕ್ಕೆ, ಮತ್ತೆ ಮನುಷ್ಯನ ದೇಹಕ್ಕೆ ಹೋಗಲಿಕ್ಕಲ್ಲ. ನೇರಳೆ ಮುಚ್ಚಳದ ಕೊಳವೆಯನ್ನು ನೀವೆಲ್ಲರೂ ನೋಡಿರುತ್ತೀರಿ. ಅದರಲ್ಲಿರುವುದು ಇಡಿಟಿಎ, ಅಂದರೆ ರಕ್ತ ಹೆಪ್ಪುಗಟ್ಟದಂತೆ ತಡೆಯುವ ರಾಸಾಯನಿಕ, ರಕ್ತಕಣ ಎಣಿಸಲು ಬಳಸುವುದು. ಅದರಲ್ಲಿ ಪ್ಲೇಟ್‌ಲೆಟ್‌ಗಳು ಊದಿಕೊಂಡು ಆಕಾರ ಕೆಡುತ್ತವೆ. ಪಿಆರ್‌ಪಿಗೆ ಸಾಮಾನ್ಯವಾಗಿ ಸೋಡಿಯಂ ಸಿಟ್ರೇಟ್ ಅಥವಾ ಎಸಿಡಿ ಎಂಬ ದ್ರಾವಣವಿರುವ, ಮರಳಿ ದೇಹಕ್ಕೆ ಕೊಡಲೆಂದೇ ತಯಾರಿಸಿದ ಕಿಟ್ ಬೇಕು. ಬೆಲೆ ಹೆಚ್ಚು. ದುಡ್ಡು ಉಳಿಸಲು ಹೊರಟವರು ಮೊದಲು ಕೈಬಿಡುವುದು ಇದನ್ನೇ. ಪೊಟ್ಟಣ ನಿಮ್ಮೆದುರೇ ಒಡೆಯಲಿ, ಮೇಲೆ ಏನು ಬರೆದಿದೆ ಎಂದು ಓದಿ.

ಎರಡನೆಯದು, ಮುಚ್ಚಳ ತೆಗೆಯುವುದು. ಒಂದು ಕೊಳವೆಯಿಂದ ಇನ್ನೊಂದಕ್ಕೆ ಹಳದಿ ದ್ರವ ಎತ್ತಿ ಹಾಕುವಾಗಲೆಲ್ಲ ಗಾಳಿಯಲ್ಲಿರುವ, ಕೈಯಲ್ಲಿರುವ ರೋಗಾಣುಗಳಿಗೆ ದಾರಿ ತೆರೆಯುತ್ತದೆ. ಫ್ಯಾನ್ ತಿರುಗುತ್ತಿರುವ ಕೋಣೆಯಲ್ಲಿ ಮೇಜಿನ ಮೇಲೆ ತೆರೆದಿಟ್ಟುಕೊಂಡು ಮಾಡುವ ಕೆಲಸ ಇದಲ್ಲ.

ಮೂರನೆಯದು ನನಗೆ ಎಲ್ಲಕ್ಕಿಂತ ಭಯ ಹುಟ್ಟಿಸುವುದು: ಹೆಸರು. ಒಂದೇ ಯಂತ್ರದಲ್ಲಿ ಒಂದೇ ಹೊತ್ತಿಗೆ ಇಬ್ಬರ ರಕ್ತ ತಿರುಗುತ್ತಿದ್ದರೆ, ಹೊರಬರುವ ಎರಡು ಕೊಳವೆಗಳು ಅವಳಿ ಮಕ್ಕಳಂತೆ ಕಾಣುತ್ತವೆ. ಹೆಸರು ಬರೆಯದೆ ಇಟ್ಟರೆ ‘ನಿಮ್ಮದೇ ರಕ್ತ’ ಎಂಬ ಮಾತು ಅಲ್ಲಿಗೇ ಮುಗಿಯಿತು. ಸವಾರರ ವೈದ್ಯರು ಓದಿಸಿದರಲ್ಲ, ಸರಿಯಾದ ಕ್ರಮ ಅದೇ.

ಉಳಿದದ್ದನ್ನು ಮುಂದಿನ ತಿಂಗಳಿಗೆ ಫ್ರಿಜ್‌ನಲ್ಲಿ ಇಡುತ್ತೇವೆ ಎಂದು ಯಾರಾದರೂ ಹೇಳಿದರೆ ಎದ್ದು ಬನ್ನಿ. ಪ್ರತಿ ಸಲವೂ ಹೊಸ ರಕ್ತ, ಹೊಸ ಕೊಳವೆ, ಹೊಸ ಸೂಜಿ.

ಕಬ್ಬಿನ ಗದ್ದೆ, ಮಂಡ್ಯ

ಬರೆಯಬೇಕೋ ಬೇಡವೋ ಎಂದು ಎರಡು ದಿನ ಯೋಚಿಸಿದೆ. ತಂಗಿಯೊಬ್ಬಳಿಗೆ ಉಪಯೋಗವಾಗುವುದಾದರೆ ಬರೆಯುತ್ತೇನೆ.

ಮದುವೆಗೆ ಮೂರು ತಿಂಗಳಿದ್ದಾಗ, ಬ್ಯೂಟಿ ಪಾರ್ಲರಿಗೆ ಅಂಟಿಕೊಂಡಿದ್ದ ಒಂದು ಜಾಗದಲ್ಲಿ ಪಿಆರ್‌ಪಿ ಮಾಡಿಸಿಕೊಂಡೆ. ಹೆಸರು ಬೇಡ. ಚುಚ್ಚುತ್ತಿದ್ದ ವ್ಯಕ್ತಿಯ ಮೊಬೈಲ್ ರಿಂಗಾಯಿತು. ಕೈಗವಸು ಹಾಕಿದ ಕೈಯಲ್ಲೇ ಜೇಬಿನಿಂದ ಮೊಬೈಲ್ ತೆಗೆದು, ಮಾತನಾಡಿ, ಒಳಗಿಟ್ಟು, ಅದೇ ಕೈಯಲ್ಲಿ ಮತ್ತೆ ನನ್ನ ತಲೆ ಹಿಡಿದರು. ನಾನು ಕನ್ನಡಿಯಲ್ಲಿ ನೋಡುತ್ತಲೇ ಇದ್ದೆ. ಬಾಯಿ ಬರಲಿಲ್ಲ. ದೊಡ್ಡವರು, ಕಲಿತವರು, ಏನು ಹೇಳುವುದು ಎಂಬ ಸಂಕೋಚ.

ಮೂರನೇ ದಿನ ಎಡ ನೆತ್ತಿಯಲ್ಲಿ ಬಿಸಿ, ನಾಲ್ಕನೇ ದಿನ ಗಂಟು, ಐದನೇ ದಿನ ಕೀವು ಮತ್ತು ಜ್ವರ. ಅಲ್ಲಿಗೆ ಫೋನ್ ಮಾಡಿದರೆ ‘ಸಹಜ, ಐಸ್ ಇಡಿ’ ಎಂದರು. ಕೊನೆಗೆ ಆಸ್ಪತ್ರೆಯಲ್ಲಿ ಸೀಳಿ ಕೀವು ತೆಗೆದು, ಹತ್ತು ದಿನ ಆ್ಯಂಟಿಬಯಾಟಿಕ್ ಕೊಟ್ಟರು. ಒಂದು ರೂಪಾಯಿ ನಾಣ್ಯದಷ್ಟು ಜಾಗದಲ್ಲಿ ಈಗ ಗಾಯದ ಕಲೆ. ಅಲ್ಲಿ ಕೂದಲು ಇನ್ನು ಬರುವುದಿಲ್ಲ. ಧಾರೆಯ ದಿನ ಆ ಜಾಗದ ಮೇಲೆ ಮೊಗ್ಗಿನ ಜಡೆ ಬಿಗಿದರು.

ಊತ, ನೋವು ದಿನದಿಂದ ದಿನಕ್ಕೆ ಇಳಿಯಬೇಕು. ಏರುತ್ತಿದ್ದರೆ ಐಸ್ ಇಟ್ಟುಕೊಂಡು ಕೂರಬೇಡಿ.

ನೆತ್ತಿ ತಂಪು, ತುಮಕೂರು

ಬೋರ್‌ವೆಲ್ ನೀರು ನಿಲ್ಲಿಸಿ ನೋಡಿ ತಾಯಿ. ಭೃಂಗರಾಜದ ಎಣ್ಣೆ ಕಾಯಿಸಿ ಹಚ್ಚಿ. ಇಷ್ಟೊಂದು ಚುಚ್ಚಿಸಿಕೊಳ್ಳುವುದು ಏಕೆ?

ಕಡಲ ಕರೆ, ಮಂಗಳೂರು

ನಾನು ಚರ್ಮರೋಗ ವೈದ್ಯೆ. ತುಂಗಾತೀರ ಅವರೇ, ಪಿಆರ್‌ಪಿಯ ಮಾತು ಆಮೇಲೆ. ಮೊದಲು ಹೇಳಿ: ಕೂದಲು ಉದುರಲು ಶುರುವಾಗುವ ಎರಡು ಮೂರು ತಿಂಗಳ ಹಿಂದೆ ಜೋರು ಜ್ವರ, ಹೆರಿಗೆ, ಶಸ್ತ್ರಚಿಕಿತ್ಸೆ, ಕಟ್ಟುನಿಟ್ಟಿನ ಡಯಟ್, ಮನೆಯಲ್ಲಿ ದೊಡ್ಡ ಆಘಾತ, ಇವುಗಳಲ್ಲಿ ಏನಾದರೂ ಆಗಿತ್ತೇ? ಕ್ಲಿನಿಕ್‌ನಲ್ಲಿ ಇದನ್ನು ಕೇಳಿದರೇ?

ತುಂಗಾತೀರ, ಶಿವಮೊಗ್ಗ

ಕೇಳಲಿಲ್ಲ ಡಾಕ್ಟರ್. ಆಗಸ್ಟ್‌ನಲ್ಲಿ ನನಗೆ ಡೆಂಗಿ ಬಂದಿತ್ತು. ಆರು ದಿನ ಆಸ್ಪತ್ರೆಯಲ್ಲಿದ್ದೆ, ಪ್ಲೇಟ್‌ಲೆಟ್ 38 ಸಾವಿರಕ್ಕೆ ಇಳಿದಿತ್ತು. ಅದಕ್ಕೂ ಕೂದಲಿಗೂ ಸಂಬಂಧ ಇರಬಹುದು ಎಂದು ಯೋಚಿಸಿಯೇ ಇರಲಿಲ್ಲ.

ಕಡಲ ಕರೆ, ಮಂಗಳೂರು

ಸಂಬಂಧ ಇರುವ ಸಾಧ್ಯತೆ ಬಹಳ. ದೇಹ ದೊಡ್ಡ ಕಾಯಿಲೆಯಿಂದ ಬಳಲಿದಾಗ, ಬೆಳೆಯುತ್ತಿದ್ದ ಕೂದಲುಗಳಲ್ಲಿ ಹಲವು ಒಟ್ಟಿಗೇ ವಿಶ್ರಾಂತಿಗೆ ಹೋಗುತ್ತವೆ. ಎರಡು ಮೂರು ತಿಂಗಳ ನಂತರ ಅವೆಲ್ಲ ಒಟ್ಟಿಗೇ ಉದುರುತ್ತವೆ. ನಮ್ಮ ಭಾಷೆಯಲ್ಲಿ ಇದು ಟೆಲೋಜೆನ್ ಎಫ್ಲೂವಿಯಂ. ಟೈಫಾಯ್ಡ್, ಡೆಂಗಿ, ಕೋವಿಡ್, ಹೆರಿಗೆ, ಎಲ್ಲದರ ನಂತರವೂ ಕಾಣುತ್ತದೆ. ಬೇರು ಸತ್ತಿರುವುದಿಲ್ಲ. ಬೇರೆ ಕೊರತೆ ಇಲ್ಲದಿದ್ದರೆ ಸಾಮಾನ್ಯವಾಗಿ ಆರು ತಿಂಗಳೊಳಗೆ ಉದುರುವುದು ತಾನಾಗಿ ನಿಲ್ಲುತ್ತದೆ, ಉದ್ದ ತುಂಬಲು ಇನ್ನಷ್ಟು ಕಾಲ ಬೇಕು. ಈ ನಡುವೆ ಆರು ಸಿಟ್ಟಿಂಗ್ ಮಾಡಿಸಿದರೆ, ತಾನಾಗಿ ಬರುತ್ತಿದ್ದ ಕೂದಲಿನ ಕೀರ್ತಿ ಪಿಆರ್‌ಪಿಗೆ ಹೋಗುತ್ತದೆ, ನಿಮ್ಮ ಹಣ ಕ್ಲಿನಿಕ್‌ಗೆ ಹೋಗುತ್ತದೆ. ಇದನ್ನು ಬರೆಯುವಾಗ ನನಗೆ ಸಿಟ್ಟು ಬರುತ್ತದೆ. ಒಂದು ಪ್ರಶ್ನೆ ಕೇಳಲು ಅರ್ಧ ನಿಮಿಷ ಸಾಕಿತ್ತು.

ಇನ್ನೂ ಗಂಭೀರವಾದದ್ದು ಪ್ಲೇಟ್‌ಲೆಟ್ ವಿಷಯ. ಸಾಮಾನ್ಯ ಎಣಿಕೆ ಮೈಕ್ರೋಲೀಟರಿಗೆ 1.5ರಿಂದ 4.5 ಲಕ್ಷ. ಅದನ್ನು ಮೂರರಿಂದ ಐದು ಪಟ್ಟು ಸಾಂದ್ರಗೊಳಿಸುವುದೇ ಪಿಆರ್‌ಪಿ. ಎಣಿಕೆಯೇ ಕಡಿಮೆ ಇದ್ದವರ ರಕ್ತದಿಂದ ಸಾಂದ್ರಗೊಳಿಸಲು ಏನು ಉಳಿಯಿತು? ಮೇಲಾಗಿ ನೂರಾರು ಚುಚ್ಚಿನಿಂದ ರಕ್ತ ಸೋರುವ ಅಪಾಯ ಬೇರೆ. ರಕ್ತಕಣಗಳ ಎಣಿಕೆ ಮಾಡಿಸದೆ ಪಿಆರ್‌ಪಿಗೆ ಕೂರಿಸುವ ಜಾಗ ಸರಿಯಾದ ಜಾಗವಲ್ಲ.

ಯಾರಿಗೆ ಬೇಡ ಎಂದರೆ: ಪ್ಲೇಟ್‌ಲೆಟ್ ಕಡಿಮೆ ಇರುವವರು ಅಥವಾ ಅವುಗಳ ಕೆಲಸದಲ್ಲಿ ದೋಷ ಇರುವವರು, ರಕ್ತ ತೆಳುವಾಗಿಸುವ ಔಷಧಿ ಸೇವಿಸುವವರು, ತಲೆಯ ಚರ್ಮದಲ್ಲಿ ಸೋಂಕು ಇರುವವರು, ಜ್ವರ ಇರುವವರು, ಕ್ಯಾನ್ಸರ್ ಚಿಕಿತ್ಸೆಯಲ್ಲಿರುವವರು. ಗರ್ಭಿಣಿಯರಿಗೆ ನಾನು ಮಾಡುವುದಿಲ್ಲ. ಹೃದಯದ ಕಾರಣಕ್ಕೆ ಆಸ್ಪಿರಿನ್ ತೆಗೆದುಕೊಳ್ಳುವವರು ಪಿಆರ್‌ಪಿಗೋಸ್ಕರ ತಾವಾಗಿ ಅದನ್ನು ನಿಲ್ಲಿಸಲೇಬಾರದು. ಕೂದಲಿಗಿಂತ ಹೃದಯ ದೊಡ್ಡದು.

ನೆತ್ತಿ ತಂಪು ಅವರೇ, ಗಡಸು ನೀರು ಕೂದಲನ್ನು ಒರಟು ಮಾಡಬಹುದು, ಮಧ್ಯದಲ್ಲಿ ತುಂಡಾಗಿಸಬಹುದು. ಬೇರಿನಿಂದ ಉದುರಲು ಅದು ಕಾರಣವಲ್ಲ. ಬಿದ್ದ ಕೂದಲಿನ ತುದಿಯಲ್ಲಿ ಚಿಕ್ಕ ಬಿಳಿ ಗುಂಡು ಇದೆಯೇ ನೋಡಿ. ಇದ್ದರೆ ಅದು ಬೇರಿನಿಂದಲೇ ಬಂದದ್ದು. ಎಣ್ಣೆ ಹಚ್ಚಿಕೊಳ್ಳಲು ಅಡ್ಡಿಯಿಲ್ಲ.

ಮಿರ್ಚಿ ಭಜಿ, ಹುಬ್ಬಳ್ಳಿ

ಎಲ್ಲರೂ ಸೇರಿ ಹೆದರಿಸುತ್ತಿದ್ದೀರಿ ಎಂದು ನನಗೆ ಅನಿಸುತ್ತದೆ. ನನ್ನ ಹೆಂಡತಿಗೆ ಬೈತಲೆ ಅಗಲವಾಗಿತ್ತು, ಮೂರು ಸಿಟ್ಟಿಂಗ್ ಆದ ಮೇಲೆ ಫೋಟೋದಲ್ಲಿ ವ್ಯತ್ಯಾಸ ಸ್ಪಷ್ಟವಾಗಿ ಕಾಣುತ್ತದೆ. ತಲೆನೋವು ಬಿಟ್ಟರೆ ಯಾವ ತೊಂದರೆಯೂ ಆಗಲಿಲ್ಲ. ಅವಳು ಮತ್ತೆ ಕನ್ನಡಿಯ ಮುಂದೆ ನಿಲ್ಲುವಂತಾಯಿತು. ಅದಕ್ಕೆ ಬೆಲೆ ಇಲ್ಲವೇ?

ಕಡಲ ಕರೆ, ಮಂಗಳೂರು

ಖಂಡಿತ ಇದೆ ಸರ್. ನಾನೂ ಪಿಆರ್‌ಪಿ ಮಾಡುತ್ತೇನೆ. ವಂಶಪಾರಂಪರ್ಯವಾಗಿ ಕೂದಲು ಸಣಕಲಾಗುವವರಿಗೆ, ಅದೂ ಆರಂಭದ ಹಂತದಲ್ಲಿ, ಉಪಯೋಗವಾಗುವುದನ್ನು ಕಂಡಿದ್ದೇನೆ. 2015ರಲ್ಲಿ ಪ್ರಕಟವಾದ ಇಟಲಿಯ ಅಧ್ಯಯನವೊಂದರಲ್ಲಿ ಅದೇ ವ್ಯಕ್ತಿಯ ಅರ್ಧ ತಲೆಗೆ ಪಿಆರ್‌ಪಿ, ಇನ್ನರ್ಧಕ್ಕೆ ಉಪ್ಪುನೀರಿನಂಥ ಸಲೈನ್ ಕೊಟ್ಟು ಹೋಲಿಸಿದರು. ಪಿಆರ್‌ಪಿ ಕೊಟ್ಟ ಕಡೆ ಕೂದಲಿನ ಸಾಂದ್ರತೆ ಹೆಚ್ಚಿತು. ಆದರೆ ಒಂದು ವರ್ಷ ದಾಟಿದ ಮೇಲೆ ಕೆಲವರಲ್ಲಿ ಮತ್ತೆ ಉದುರತೊಡಗಿತು. ಇಂಥ ಅಧ್ಯಯನಗಳು ಹೆಚ್ಚಿನವು ಚಿಕ್ಕವು, ಒಬ್ಬೊಬ್ಬರ ತಯಾರಿಕೆಯ ಕ್ರಮವೂ ಬೇರೆ ಬೇರೆ. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಕೂದಲಿಗೆ ಮಿನಾಕ್ಸಿಡಿಲ್ ದ್ರಾವಣವನ್ನು 1988ರಲ್ಲಿ, ಗಂಡಸರಿಗೆ ಫಿನಾಸ್ಟೆರೈಡ್ ಮಾತ್ರೆಯನ್ನು 1997ರಲ್ಲಿ ಒಪ್ಪಿತು. ಪಿಆರ್‌ಪಿಗೆ ಕೂದಲಿನ ಚಿಕಿತ್ಸೆ ಎಂಬ ಅಂಥ ಒಪ್ಪಿಗೆ ಇಲ್ಲ. ಆದ್ದರಿಂದ ಇದು ಮೂಲ ಔಷಧಿಯ ಜೊತೆಗೆ ನಡೆಯಬೇಕಾದದ್ದು. ವರ್ಷಕ್ಕೆ ಒಂದೆರಡು ಸಲ ಮುಂದುವರಿಸಬೇಕಾಗುತ್ತದೆ ಎಂಬುದನ್ನೂ ಮೊದಲೇ ಹೇಳಬೇಕು. ನುಣುಪಾಗಿ ಹೊಳೆಯುವ ಬೋಳಿನಲ್ಲಿ ಕೂದಲು ಬರಿಸುತ್ತೇವೆ ಎಂದರೆ ನಂಬಬೇಡಿ.

ಸುರಕ್ಷತೆಯ ಬಗ್ಗೆ ಒಂದು ಗಂಭೀರ ವಿಷಯ. ಹುಬ್ಬುಗಳ ನಡುವೆ, ಕಣ್ಣಿನ ಸುತ್ತ ಸುಕ್ಕಿಗೆಂದು ಪಿಆರ್‌ಪಿ ಚುಚ್ಚಿಸಿಕೊಂಡವರಲ್ಲಿ ದೃಷ್ಟಿಯೇ ಹೋದ ಪ್ರಕರಣಗಳು ವೈದ್ಯಕೀಯ ನಿಯತಕಾಲಿಕಗಳಲ್ಲಿ ದಾಖಲಾಗಿವೆ. ಆ ಭಾಗದ ರಕ್ತನಾಳಗಳು ಕಣ್ಣಿನ ನಾಳದೊಂದಿಗೆ ಕೂಡಿಕೊಂಡಿವೆ. ಸೂಜಿ ನಾಳದೊಳಗೆ ಹೋಗಿ ಒತ್ತಿಬಿಟ್ಟರೆ ಪ್ಲೇಟ್‌ಲೆಟ್‌ಗಳ ಗುಂಪು ಹಿಂದಕ್ಕೆ ಸರಿದು ಕಣ್ಣಿಗೆ ರಕ್ತ ಹೋಗುವುದನ್ನು ತಡೆಯುತ್ತದೆ. ನೆತ್ತಿಯಲ್ಲಿ ಈ ಅಪಾಯ ತೀರಾ ಕಡಿಮೆ. ಆದರೂ ‘ಕೂದಲಿನ ಜೊತೆ ಹಣೆಗೂ ಉಚಿತವಾಗಿ ಮಾಡಿಕೊಡುತ್ತೇವೆ’ ಎನ್ನುವವರಿಗೆ ಬೇಡ ಎನ್ನಿ. ಚುಚ್ಚುವವರಿಗೆ ಚರ್ಮದ ಕೆಳಗೆ ಏನು ಹರಿಯುತ್ತದೆ ಎಂದು ಗೊತ್ತಿರಬೇಕು.

ನಿಮ್ಮ ಮನೆಯವರದ್ದು ಸರಿಯಾಗಿ ಆಯಿತು, ನನಗೂ ಸಂತೋಷ. ಸರಿಯಾದ ರೋಗನಿರ್ಣಯ, ಸರಿಯಾದ ಕೈ ಎರಡೂ ಸಿಕ್ಕಿದ್ದವು ಎಂದು ಅರ್ಥ.

ಒಣ ಬೆಟ್ಟ, ಅರಿಝೋನಾ

ಪಕ್ಕದ ನ್ಯೂ ಮೆಕ್ಸಿಕೋ ರಾಜ್ಯದಲ್ಲಿ ನಡೆದದ್ದನ್ನು ಹೇಳಬೇಕು. ಅಲ್ಬುಕರ್ಕಿ ನಗರದ ಒಂದು ಸ್ಪಾದಲ್ಲಿ ಮುಖಕ್ಕೆ ಪಿಆರ್‌ಪಿ ಮಾಡುತ್ತಿದ್ದರು, ಜನ ಅದನ್ನು ‘ವ್ಯಾಂಪೈರ್ ಫೇಶಿಯಲ್’ ಎಂದು ಕರೆಯುತ್ತಾರೆ. ಪರವಾನಗಿ ಇರಲಿಲ್ಲ. ಎಚ್‌ಐವಿ ತಗಲುವ ಬೇರೆ ಯಾವ ಕಾರಣವೂ ಇಲ್ಲದ ಮಹಿಳೆಯೊಬ್ಬರಿಗೆ 2018ರಲ್ಲಿ ಸೋಂಕು ಪತ್ತೆಯಾಯಿತು. ವಿಚಾರಿಸುತ್ತಾ ಹೋದಾಗ ತನಿಖೆಯವರಿಗೆ ಸಿಕ್ಕಿದ್ದು ಹೆಸರಿಲ್ಲದ ರಕ್ತದ ಕೊಳವೆಗಳು, ಅಡುಗೆಕೋಣೆಯ ಫ್ರಿಜ್‌ನಲ್ಲಿ ಆಹಾರದ ಪಕ್ಕದಲ್ಲೇ. ಸ್ಪಾ ಮುಚ್ಚಿತು. 2024ರ ಏಪ್ರಿಲ್‌ನಲ್ಲಿ ಇಲ್ಲಿನ ರೋಗ ನಿಯಂತ್ರಣ ಸಂಸ್ಥೆ ಸಿಡಿಸಿ ಪ್ರಕಟಿಸಿದ ವರದಿಯ ಪ್ರಕಾರ ಮೂವರು ಮಹಿಳೆಯರಿಗೆ ಬಹುಶಃ ಅಲ್ಲಿಂದಲೇ ಎಚ್‌ಐವಿ ಬಂದಿದೆ. ದಾವಣಗೆರೆಯ ಸರ್ ಬರೆದ ‘ಹೆಸರು’ ಮತ್ತು ‘ಫ್ರಿಜ್’ ಎರಡೂ ಅಲ್ಲಿದ್ದವು. ಓದುವಾಗ ಮೈ ಜುಮ್ಮೆಂದಿತು.

ಸೂಕ್ಷ್ಮದರ್ಶಕ, ದಾವಣಗೆರೆ

ಅದಕ್ಕಾಗಿಯೇ ಮೊದಲೇ ಎಚ್‌ಐವಿ, ಹೆಪಟೈಟಿಸ್ ಬಿ ಮತ್ತು ಸಿ ಪರೀಕ್ಷೆ ಕೇಳುವ ಕ್ಲಿನಿಕ್ ಕಂಡರೆ ಬೇಸರಪಟ್ಟುಕೊಳ್ಳಬೇಡಿ. ಅನುಮಾನಪಟ್ಟು ಕೇಳುವುದಲ್ಲ ಅದು, ಎಲ್ಲರಿಗೂ ಒಂದೇ ನಿಯಮ.

ಕಚೇರಿ ಕಡತ, ಕಲಬುರಗಿ

ಆಸ್ಪತ್ರೆ ಆಡಳಿತದಲ್ಲಿದ್ದವನು ನಾನು, ಹೋಗುವ ಮುನ್ನ ನೋಡಬೇಕಾದದ್ದನ್ನು ಹೇಳುತ್ತೇನೆ. ಕರ್ನಾಟಕದಲ್ಲಿ ಖಾಸಗಿ ಕ್ಲಿನಿಕ್‌ಗಳು 2007ರ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಯಡಿ, ಅಂದರೆ ಕೆಪಿಎಂಇ ಅಡಿ, ನೋಂದಣಿ ಮಾಡಿಸಿರಬೇಕು. ಪ್ರಮಾಣಪತ್ರ ಎಲ್ಲರಿಗೂ ಕಾಣುವಂತೆ ಗೋಡೆಯ ಮೇಲಿರಬೇಕು. ಸ್ವಾಗತ ಮೇಜಿನ ಹಿಂದೆ ನಟಿಯ ದೊಡ್ಡ ಫೋಟೋ ಇದ್ದು ಈ ಒಂದು ಹಾಳೆ ಇಲ್ಲದಿದ್ದರೆ ಕಾರಣ ಕೇಳಿ. ಚುಚ್ಚುವವರ ಹೆಸರು, ಪದವಿ, ವೈದ್ಯಕೀಯ ಪರಿಷತ್ತಿನ ನೋಂದಣಿ ಸಂಖ್ಯೆ ಕೇಳುವುದು ನಿಮ್ಮ ಹಕ್ಕು. ತೊಂದರೆಯಾದರೆ ಜಿಲ್ಲಾ ಆರೋಗ್ಯಾಧಿಕಾರಿಗಳ ಕಚೇರಿಗೆ ಲಿಖಿತ ದೂರು ಕೊಡಿ, ಸ್ವೀಕೃತಿ ಪಡೆಯಿರಿ.

ಕೂದಲು ಕಸಿಯ ವಿಷಯದಲ್ಲಿ ರಾಷ್ಟ್ರೀಯ ವೈದ್ಯಕೀಯ ಆಯೋಗ 2022ರ ಸೆಪ್ಟೆಂಬರ್‌ನಲ್ಲಿ ಮಾರ್ಗಸೂಚಿ ಹೊರಡಿಸಿದೆ. ಕಾರ್ಯಾಗಾರದಲ್ಲಿ ಕೂತು ಅಥವಾ ಯೂಟ್ಯೂಬ್ ನೋಡಿ ಕಲಿತದ್ದು ತರಬೇತಿ ಅಲ್ಲ ಎಂದು ಅದರಲ್ಲಿದೆ. ಮಂಡ್ಯದ ತಂಗಿಯ ಕತೆ ಓದಿದರೆ, ಪಿಆರ್‌ಪಿಗೂ ಆ ಮಾತು ಅಷ್ಟೇ ಬೇಕು ಎನಿಸುತ್ತದೆ. ತಂಗಿ, ನೀವು ಈಗಲೂ ದೂರು ಕೊಡಬಹುದು. ಆಸ್ಪತ್ರೆಯ ಚೀಟಿಗಳನ್ನು ಎಸೆದಿಲ್ಲ ತಾನೇ?

ಕಬ್ಬಿನ ಗದ್ದೆ, ಮಂಡ್ಯ

ಎಲ್ಲವೂ ಇವೆ ಅಣ್ಣ. ಅವರಿಂದ ರಸೀದಿ ಮಾತ್ರ ಸಿಗಲಿಲ್ಲ, ಮೊಬೈಲಿನಿಂದ ಹಣ ಕಳಿಸಿದ ದಾಖಲೆ ಇದೆ. ಮನೆಯವರೊಂದಿಗೆ ಮಾತನಾಡಿ ಕೊಡುತ್ತೇನೆ.

ಹೆಲ್ಮೆಟ್ ಸವಾರ, ಬೆಂಗಳೂರು

ಡಾಕ್ಟರ್, ಈಗ ಜಿಎಫ್‌ಸಿ, ಎಕ್ಸೋಸೋಮ್ ಎಂದು ಹೊಸ ಹೆಸರುಗಳು ಬರುತ್ತಿವೆ. ಅವೂ ಇದೇ ರೀತಿಯವೇ?

ಕಡಲ ಕರೆ, ಮಂಗಳೂರು

ಜಿಎಫ್‌ಸಿ ನಿಮ್ಮ ರಕ್ತದಿಂದಲೇ ತಯಾರಾಗುವುದು, ಪ್ಲೇಟ್‌ಲೆಟ್‌ಗಳು ಬಿಡುಗಡೆ ಮಾಡುವ ಬೆಳವಣಿಗೆಯ ಅಂಶಗಳನ್ನು ಬೇರ್ಪಡಿಸಿ ಕೊಡುತ್ತಾರೆ. ಸ್ವಚ್ಛತೆಯ ಪ್ರಶ್ನೆಗಳೆಲ್ಲ ಅಲ್ಲಿಯೂ ಅವೇ. ಎಕ್ಸೋಸೋಮ್ ಪೂರ್ತಿ ಬೇರೆ ಜಾತಿ. ಅದು ಬೇರೆಯವರ ಅಥವಾ ಬೇರೆ ಮೂಲದ ಜೀವಕೋಶಗಳಿಂದ ತೆಗೆದದ್ದು. ಅಮೆರಿಕದ ನೆಬ್ರಾಸ್ಕಾದಲ್ಲಿ ರೋಗಿಗಳಿಗೆ ಗಂಭೀರ ತೊಂದರೆಯಾದ ಮೇಲೆ 2019ರ ಡಿಸೆಂಬರ್‌ನಲ್ಲಿ ಎಫ್‌ಡಿಎ ಎಚ್ಚರಿಕೆ ಪ್ರಕಟಿಸಿತು. ‘ನಿಮ್ಮದೇ ರಕ್ತ’ ಎಂಬ ಅರ್ಧ ಸತ್ಯವೂ ಅದಕ್ಕೆ ಅನ್ವಯಿಸುವುದಿಲ್ಲ.

ತುಂಗಾತೀರ, ಶಿವಮೊಗ್ಗ (ಐದು ವಾರಗಳ ನಂತರ)

ಎಲ್ಲರಿಗೂ ಲೆಕ್ಕ ಒಪ್ಪಿಸಲು ಬಂದಿದ್ದೇನೆ. ಚರ್ಮವೈದ್ಯರನ್ನು ಕಂಡೆ. ಹತ್ತಿಪ್ಪತ್ತು ಕೂದಲುಗಳನ್ನು ಎರಡು ಬೆರಳಿನ ನಡುವೆ ಹಿಡಿದು ಮೆಲ್ಲಗೆ ಎಳೆದರು, ಕೈಗೆ ಬಂದವುಗಳನ್ನು ಬಿಳಿ ಕಾಗದದ ಮೇಲಿಟ್ಟು ಎಣಿಸಿದರು. ಪ್ರತಿಯೊಂದರ ತುದಿಯಲ್ಲೂ ಆ ಬಿಳಿ ಗುಂಡು ಇತ್ತು. ಹೊಸ ಕೂದಲು ಹಣೆಯ ಅಂಚಿನಲ್ಲಿ ನೆಟ್ಟಗೆ ಎದ್ದಿರುವುದನ್ನು ಕನ್ನಡಿ ಹಿಡಿದು ತೋರಿಸಿದರು. ಮಗುವಿನ ಕೂದಲಿನಷ್ಟು ಸಣ್ಣ.

ಪ್ಲೇಟ್‌ಲೆಟ್ 2.3 ಲಕ್ಷಕ್ಕೆ ಏರಿದೆ. ಥೈರಾಯ್ಡ್ ಸರಿಯಿದೆ. ಫೆರಿಟಿನ್ ಮಾತ್ರ 11, ಅಂದರೆ ಕಬ್ಬಿಣದ ದಾಸ್ತಾನು ಖಾಲಿ. ಕಬ್ಬಿಣದ ಮಾತ್ರೆ ಶುರುವಾಗಿದೆ, ಅದನ್ನು ನುಂಗಿದ ಮೇಲೆ ಎರಡು ಗಂಟೆ ಕಾಫಿ ಇಲ್ಲ. ಶಾಲೆಯಲ್ಲಿ ಹನ್ನೊಂದರ ಕಾಫಿ ಬಿಟ್ಟದ್ದೇ ನನಗೆ ಕಷ್ಟವಾಗಿರುವುದು. ಪಿಆರ್‌ಪಿ ಸದ್ಯಕ್ಕೆ ಬೇಡ, ಆರು ತಿಂಗಳಾದ ಮೇಲೂ ಬೈತಲೆ ತುಂಬದಿದ್ದರೆ ವಂಶಪಾರಂಪರ್ಯದ್ದು ಇದೆಯೇ ಎಂದು ನೋಡೋಣ ಎಂದಿದ್ದಾರೆ.

ಆ ಕ್ಲಿನಿಕ್‌ನಿಂದ ಏಳು ಸಲ ಫೋನ್ ಬಂತು. ಕೊನೆಯ ಸಲ ‘ಕೆಪಿಎಂಇ ನೋಂದಣಿ ಸಂಖ್ಯೆ ಹೇಳಿ, ಚುಚ್ಚುವ ವೈದ್ಯರ ಹೆಸರು ಹೇಳಿ’ ಎಂದು ಕೇಳಿದೆ. ಆ ಮೇಲೆ ಫೋನ್ ಬಂದಿಲ್ಲ.

ಮುಂದಿನ ರಕ್ತಪರೀಕ್ಷೆ ಮೂರು ತಿಂಗಳಿಗೆ. ಬಂದ ಸಂಖ್ಯೆಗಳನ್ನು ಇಲ್ಲಿಯೇ ಬರೆಯುತ್ತೇನೆ.